ಮಂಡಿಯೂರದೆ ತೆಗೆದ ಚಿತ್ರಗಳು

ಕೆಲಸದಿಂದ ನಿವೃತ್ತಳಾದ ವರ್ಷ ನಾನು ಕ್ಯಾಮೆರಾ ಕೊಂಡೆ. ಅದೇ ವರ್ಷ ಮೂಳೆ ಡಾಕ್ಟರು ನನ್ನ ಎರಡೂ ಮಂಡಿಗಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಫೇಲಾದ ಹುಡುಗನ ಉತ್ತರಪತ್ರಿಕೆ ನೋಡುವಂತೆ ನೋಡಿದರು.

"ಸವೆದಿದೆ ಮೇಡಂ. ಇನ್ನು ನೆಲದ ಸಹವಾಸ ಬೇಡ. ಚಕ್ಕಂಬಕ್ಕಲ, ಕುಕ್ಕರಗಾಲು, ಮಂಡಿಯೂರೋದು, ಎಲ್ಲಾ ಬಿಟ್ಟುಬಿಡಿ."

"ಫೋಟೋ ತೆಗೆಯಬಹುದಾ?"

"ಧಾರಾಳವಾಗಿ. ಒಳ್ಳೆ ಹವ್ಯಾಸ. ನಿಂತ್ಕೊಂಡು ತೆಗೀರಿ."

ನಾನು ಮಾಗಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವಳು. ದಿನಕ್ಕೆ ಐದು ಪೀರಿಯಡ್ ನಿಂತು ಪಾಠ ಮಾಡಿದ್ದರಿಂದ ಮಂಡಿ ಹೀಗಾಯಿತು ಎಂಬುದು ನನ್ನ ನಂಬಿಕೆ. ನನ್ನ ತೂಕದಿಂದ ಎಂಬುದು ಡಾಕ್ಟರ ನಂಬಿಕೆ. ಆ ಚರ್ಚೆಯನ್ನು ನಾವಿಬ್ಬರೂ ಮುಂದುವರಿಸಲಿಲ್ಲ. ನಿಜವಾದ ತೊಡಕು ಬೇರೆಯೇ ಇತ್ತು. ನನಗೆ ಫೋಟೋ ತೆಗೆಯಬೇಕೆನಿಸಿದ್ದೆಲ್ಲ ಪಾದದ ಮಟ್ಟದಲ್ಲಿತ್ತು. ಅಣಬೆ, ಪಾಚಿ, ಹುಲ್ಲಿನ ಹೂವು, ಮೊದಲ ಮಳೆ ಬಿದ್ದ ಮೇಲೆ ಹೊರಡುವ ಕೆಂಪು ಮಖಮಲ್ಲಿನ ಹುಳ. ರಾಮನಗರದಲ್ಲಿ ಕ್ಯಾಮೆರಾ ಇರುವವರೆಲ್ಲ ಮೊಳದುದ್ದದ ಲೆನ್ಸು ಹೊತ್ತು ಬೆಟ್ಟದ ಮೇಲಿನ ರಣಹದ್ದಿಗೆ ಗುರಿಯಿಡುತ್ತಾರೆ. ನಾನೂ ಹಾಗೇ ತಲೆಯೆತ್ತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಕುತ್ತಿಗೆ ಇನ್ನೂ ಚೆನ್ನಾಗಿಯೇ ಇದೆ.

ನಮ್ಮೂರಿನಲ್ಲಿ ಛಾಯಾಗ್ರಾಹಕರ ಒಂದು ಬಳಗವಿದೆ. ತಿಂಗಳಿಗೊಮ್ಮೆ ಸೇರಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟುಕೊಂಡು ಒಬ್ಬರನ್ನೊಬ್ಬರು ತಿದ್ದುತ್ತಾರೆ. ಬಳಗದ ಹಿರಿಯರು ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರ ಪ್ಯಾಂಟಿಗೆ ಎಷ್ಟು ಜೇಬುಗಳೆಂದರೆ, ಬೇಕಾದ ವಸ್ತು ಯಾವುದರಲ್ಲಿದೆ ಎಂದು ಹುಡುಕುವಷ್ಟರಲ್ಲಿ ಚಿಟ್ಟೆ ಹಾರಿಹೋಗುತ್ತಿತ್ತು. ನಾನು ಸೇರಿದ ಮೊದಲ ತಿಂಗಳು ನನ್ನ ಅಣಬೆಯ ಚಿತ್ರ ಗೋಡೆಗೆ ಬಂತು. ಅವರು ಕೈಕಟ್ಟಿ ಒಂದು ನಿಮಿಷ ನೋಡಿದರು.

"ಇದನ್ನ ನೀವು ನಿಂತು ತೆಗೆದಿದ್ದೀರಿ." ಕಳ್ಳತನ ಪತ್ತೆ ಹಚ್ಚಿದ ದನಿ ಅದು.

"ಬಗ್ಗಿ ತೆಗೆದೆ."

"ಬಗ್ಗೋದು ಬೇರೆ ಮೇಡಂ, ಇಳಿಯೋದು ಬೇರೆ. ವಸ್ತುವಿನ ಕಣ್ಣಿನ ಮಟ್ಟಕ್ಕೆ ಇಳಿದರೆ ಮಾತ್ರ ಅದರ ಲೋಕ ನಮಗೆ ತೆರೆಯುತ್ತೆ."

"ಅಣಬೆಗೆ ಕಣ್ಣೆಲ್ಲಿದೆ?" ಎಂದು ಕೇಳಿದೆ. ಮೂವತ್ತು ವರ್ಷದ ಚಾಳಿ. ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿದ್ದವರು ಪುಸ್ತಕದಲ್ಲಿ "ಇಳಿಯಬೇಕು" ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಮುಂದಿನ ಭಾನುವಾರ ಇಳಿಯುವುದು ಹೇಗೆಂದು ತೋರಿಸಲು ಹಿರಿಯರು ನಮ್ಮನ್ನು ಕನಕಪುರದ ದಾರಿಯ ಒಂದು ಕೆರೆ ಏರಿಗೆ ಕರೆದುಕೊಂಡು ಹೋದರು. ಒಂದು ಇರುವೆ ಕಂಡಿತು. ಅವರು ಕಡಿದ ಬಾಳೆಗಿಡದ ಹಾಗೆ ನೆಲಕ್ಕೊರಗಿದರು, ಮೂರು ಚಿತ್ರ ತೆಗೆದರು, ಸ್ಪ್ರಿಂಗ್ ಬಿಟ್ಟ ಹಾಗೆ ಎದ್ದು ನಿಂತರು. "ಇಷ್ಟೇ," ಅಂದರು. ಎಲ್ಲರೂ ಒಬ್ಬೊಬ್ಬರಾಗಿ ಒರಗಿ ಎದ್ದರು. ನನ್ನ ಸರದಿ ಬಂದಾಗ ನಾನು ಲೆನ್ಸು ಒರೆಸುವುದರಲ್ಲಿ ತೊಡಗಿದ್ದೆ. ಅವತ್ತು ನನ್ನ ಲೆನ್ಸು ಬಹಳ ಹೊತ್ತು ಕೊಳೆಯಾಗಿಯೇ ಇತ್ತು.

ಆದರೂ ಹಿರಿಯರ ಮಾತು ತಲೆಯಲ್ಲಿ ಉಳಿಯಿತು. ಒಂದು ಬೆಳಗ್ಗೆ ನಮ್ಮ ಯಜಮಾನರನ್ನು ಕರೆದುಕೊಂಡು ಊರಾಚೆಯ ಬೆಟ್ಟದ ಬುಡಕ್ಕೆ ಹೋದೆ. ಅವರು ನಿವೃತ್ತ ಗುಮಾಸ್ತರು. ಯಾವ ಕೆಲಸವನ್ನೂ ಬೇಡ ಅನ್ನುವುದಿಲ್ಲ, ಕೆಟ್ಟ ಮೇಲೆ ಮಾತ್ರ ಮಾತಾಡುತ್ತಾರೆ. ಒಂದು ಕೈಯಲ್ಲಿ ಅವರ ಹೆಗಲು, ಇನ್ನೊಂದರಲ್ಲಿ ಲಂಟಾನದ ಕೊಂಬೆ ಹಿಡಿದು, ಎಡಗಾಲು ಚಾಚಿ, ಬಲಗಾಲು ಮಡಚಲಾರದೆ ಮಡಚಿ, ಅರ್ಧ ದಾರಿಯಲ್ಲಿ ದೇವರನ್ನು ನೆನೆದು, ಉಳಿದರ್ಧ ದಾರಿ ಬಿದ್ದೆ. ಬಿದ್ದಲ್ಲೇ ಬೋರಲಾದೆ. ಹುಲ್ಲಿನ ಹೂವು ಕಣ್ಣೆದುರಿಗೇ ಇತ್ತು. ಕ್ಯಾಮೆರಾ ಮಾತ್ರ ಯಜಮಾನರ ಹೆಗಲಲ್ಲಿತ್ತು.

ಅವರು ಅದನ್ನು ಬಿಚ್ಚಿ ಕೊಡುವಷ್ಟರಲ್ಲಿ ಹೂವಿನ ಬುಟ್ಟಿ ಹಿಡಿದು ಬೆಟ್ಟದ ಗುಡಿಗೆ ಹೊರಟಿದ್ದ ಹೆಂಗಸೊಬ್ಬಳು ನಿಂತಳು. ನನ್ನನ್ನು ನೋಡಿ ಸೆರಗು ಸರಿಪಡಿಸಿಕೊಂಡಳು.

"ಉರುಳುಸೇವೆನಾ ಸ್ವಾಮಿ?"

"ಹೂಂ," ಅಂದರು ಯಜಮಾನರು.

"ಇಲ್ಲಿಂದ್ಲೇ ಸುರು ಮಾಡವ್ರಾ? ಗುಡಿ ಇನ್ನೂ ಒಸಿ ದೂರ ಐತಲ್ಲ. ಪಾಪ, ಏನ್ ಕಷ್ಟಾನೋ." ಆಕೆ ನನ್ನ ಬೆನ್ನಿನ ಮೇಲೆ ಎರಡು ಎಸಳು ಸೇವಂತಿಗೆ ಹಾಕಿ ಹೋದಳು.

ಹೇಗೋ ಎರಡು ಚಿತ್ರ ತೆಗೆದೆ. ಏಳುವುದು ಆಮೇಲಿನ ಕಥೆ. ಯಜಮಾನರು ಹಿಂದಿನಿಂದ ಕಂಕುಳಿಗೆ ಕೈಹಾಕಿ ಎತ್ತಿದರು. ನಾನು ಏಳಲಿಲ್ಲ, ಅವರ ಸೊಂಟ ಹಿಡಿದುಕೊಂಡಿತು. ಬೆಟ್ಟ ಇಳಿಯುತ್ತಿದ್ದ ಇಬ್ಬರು ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಎತ್ತಿ ಕಾರಿಗೆ ಕೂರಿಸಿದರು. ಅಂದಿನಿಂದ ನಾನು ಫೋಟೋ ತೆಗೆಯುವಾಗ ಅವರು ಕಾರಿನಲ್ಲಿ ಪೇಪರ್ ಓದುವುದೆಂದು ತೀರ್ಮಾನವಾಯಿತು.

ಸುದ್ದಿ ಬೀದಿಯಲ್ಲಿ ಹರಡಿತು. ಮಂಡಿನೋವಿನ ವಿಷಯದಲ್ಲಿ ನಮ್ಮ ಬೀದಿಯವರೆಲ್ಲ ಡಾಕ್ಟರುಗಳೇ. ಎದುರು ಮನೆಯವರು ಎಕ್ಕದೆಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟಲು ಹೇಳಿದರು. ಪಕ್ಕದ ಮನೆಯವರು ಮೆಂತ್ಯ ನೆನೆಸಿ ನುಂಗಲು ಹೇಳಿದರು. ಹಾಲಿನವನು ಇಬ್ಬರದೂ ತಪ್ಪೆಂದು ಲೋಳೆಸರ ತಂದುಕೊಟ್ಟ. ಮೂರನ್ನೂ ಮಾಡಿದೆ. ಮನೆಯಲ್ಲಿ ಒಂದು ವಾರ ಔಷಧಿ ಅಂಗಡಿಯ ವಾಸನೆ. ಇಷ್ಟು ಜನರಲ್ಲಿ ಒಬ್ಬರೂ "ಫೋಟೋ ಹೇಗೆ ಬಂತು" ಎಂದು ಕೇಳಲಿಲ್ಲ. ಚೆನ್ನಾಗೇನೂ ಬಂದಿರಲಿಲ್ಲ, ಆ ಮಾತು ಬೇರೆ.

ಕೂತರೆ ಮಲಗುವ ಗೋಜಿಲ್ಲ ಎಂದು ಹೊಳೆದು ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಮರದ ಬೊಂಬೆ ಕಡೆಯುವವರೊಬ್ಬರ ಬಳಿ ಒಂದು ಗೇಣು ಎತ್ತರದ ಸ್ಟೂಲು ಬೇಕೆಂದೆ.

"ಮಗೀಗಾ ಅಮ್ಮ?"

"ನನಗೆ."

ಅವರು ನನ್ನನ್ನು ಮೇಲಿಂದ ಕೆಳಗೆ ಅಳೆದರು. "ಕಾಲು ಒಸಿ ದಪ್ಪ ಮಾಡ್ತೀನಿ ಬುಡಿ," ಅಂದರು.

ಕೆಂಪು, ಹಳದಿ, ಹಸಿರು ಅರಗು ಬಳಿದ ಚೆಂದದ ಸ್ಟೂಲು ಬಂತು. ಅದರ ಮೇಲೆ ಕೂತರೆ ನನ್ನ ಮಂಡಿಗಳು ಗಲ್ಲದ ಹತ್ತಿರ ಬರುತ್ತಿದ್ದವು. ಎರಡರ ನಡುವೆ ಹೊಟ್ಟೆ ಬರುತ್ತಿತ್ತು. ಕ್ಯಾಮೆರಾ ಹಿಡಿಯಲು ಜಾಗ ಉಳಿಯುತ್ತಿರಲಿಲ್ಲ. ಅಲ್ಲದೆ ನಮಗೆ ಒಂದು ಗೇಣು ಅಂದರೆ ಏನೂ ಅಲ್ಲ, ಇರುವೆಗೆ ಅದು ಮೂರನೇ ಮಹಡಿ. ಆಮೇಲೆ ಟೈಲ್ಸ್ ಹಾಕುವವರು ಮಂಡಿಗೆ ಕಟ್ಟಿಕೊಳ್ಳುವ ದಪ್ಪ ಪ್ಯಾಡು ತಂದೆ. ಅದು ನೆಲ ಒತ್ತದಂತೆ ಕಾಪಾಡುತ್ತದೆ. ನನ್ನ ಮಂಡಿಗೆ ಒತ್ತುವುದು ನೆಲವಲ್ಲ, ನಾನು. ಕೊನೆಗೆ ಕ್ಯಾಮೆರಾವನ್ನು ಕೋಲಿಗೆ ತಲೆಕೆಳಗಾಗಿ ಕಟ್ಟಿ, ನಿಂತೇ ನೆಲದ ಹತ್ತಿರ ಇಳಿಬಿಟ್ಟು, ಫೋನಿನಿಂದ ಗುಂಡಿ ಒತ್ತಿದೆ. ಒಂದು ವಾರದಲ್ಲಿ ನನ್ನ ಚಪ್ಪಲಿಯ ಹದಿನೆಂಟು ಒಳ್ಳೆಯ ಚಿತ್ರಗಳು ಸಿಕ್ಕವು.

ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಯೋಚನೆಯಲ್ಲಿದ್ದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಅವಳ ತವರು ಕಲ್ಯ, ಮದುವೆಯಾಗಿ ಹೋದದ್ದು ತಿಪ್ಪಸಂದ್ರಕ್ಕೆ. ಅಲ್ಲಿ ಗಂಡನ ಜೊತೆ ಬೇಸಾಯ ಮಾಡಿಕೊಂಡಿದ್ದಾಳೆ. ಫೋಟೋದಲ್ಲಿ ಮಸುಕು ಮಸುಕಾಗಿ ಏನೋ ಕೆಂಪಗಿತ್ತು. ಕೆಳಗೆ ಬರೆದಿದ್ದಳು: "ಮೇಡಂ, ನೀವು ಬೋರ್ಡಿನ ಮೇಲೆ ಬರೀತಿದ್ದ ಹುಳ ತಿನ್ನೋ ಗಿಡ ಇದೇನಾ? ಕಲ್ಯದಲ್ಲಿ ನಮ್ಮ ಹೊಲದ ಪಕ್ಕದ ಬಂಡೆ ಮೇಲೆ ಐತೆ."

ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ಪ್ರತಿ ವರ್ಷ ಕೀಟಾಹಾರಿ ಸಸ್ಯಗಳ ಪಾಠ ಬಂದಾಗ ಬೋರ್ಡಿನ ಮೇಲೆ ತಟ್ಟೆಯಗಲ ಡ್ರಾಸೆರ ಗಿಡ ಬರೆದು, ಕೂದಲಿನ ತುದಿಗೆ ಕೆಂಪು ಸೀಮೆಸುಣ್ಣದಲ್ಲಿ ಚುಕ್ಕೆ ಇಡುತ್ತಿದ್ದೆ. ಪ್ರತಿ ವರ್ಷ ಯಾರಾದರೊಬ್ಬರು "ಇದು ಎಲ್ಲಿ ಬೆಳೆಯುತ್ತೆ ಮೇಡಂ" ಎಂದು ಕೇಳುತ್ತಿದ್ದರು. "ಅಸ್ಸಾಂ, ಮೇಘಾಲಯದ ಕಡೆ. ನಮ್ಮ ಕಡೆ ಇಲ್ಲ," ಎಂದು ಹೇಳುತ್ತಿದ್ದೆ. ಯಾರು ನನಗೆ ಹಾಗೆ ಹೇಳಿಕೊಟ್ಟರೋ ನೆನಪಿಲ್ಲ. ಕೇಳಿದ ಮಕ್ಕಳಲ್ಲಿ ಅರ್ಧ ಜನ ದಿನಾ ಬೆಳಗ್ಗೆ ಅದನ್ನು ತುಳಿದುಕೊಂಡೇ ಶಾಲೆಗೆ ಬರುತ್ತಿದ್ದರೇನೋ.

ಮರುದಿನ ಬೆಳಗ್ಗೆಯೇ ಕಲ್ಯಕ್ಕೆ ಹೊರಟೆವು. ಮಳೆ ಮುಗಿಯುತ್ತ ಬಂದಿತ್ತು, ರಾಗಿ ತೆನೆ ಕಟ್ಟಿತ್ತು. ಹೊಲದ ಪಕ್ಕದಲ್ಲಿ ಅಗಲವಾದ ಬಂಡೆ. ಅದರ ಮೇಲೆ ಎಲ್ಲಿಂದಲೋ ಒಸರಿದ ನೀರು ತೆಳ್ಳಗೆ ಹರಿದು ಕಪ್ಪು ಪಾಚಿ ಕಟ್ಟಿತ್ತು. "ಕೂಗಿದ್ರೆ ಬರ್ತೀನಿ," ಎಂದು ಯಜಮಾನರು ಕಾರಿಗೆ ಹಿಂದಿರುಗಿ, ಗಾಜು ಏರಿಸಿ, ಪೇಪರ್ ಬಿಚ್ಚಿದರು.

ಬಂಡೆಯಲ್ಲಿ ಮೆಟ್ಟಿಲಿನಂಥ ಒಂದು ಅಂಚಿತ್ತು. ಅದರ ಮೇಲೆ ಕುರ್ಚಿಯಲ್ಲಿ ಕೂತಂತೆ ಕೂತು, ಅಲ್ಲಿಂದ ಜಾರಿ ಮಗ್ಗುಲಾಗಿ, ಮಗ್ಗುಲಿಂದ ಬೋರಲಾದೆ. ಮಂಡಿ ಮಡಚುವ ಪ್ರಸಂಗವೇ ಬರಲಿಲ್ಲ. ಇಷ್ಟು ಸುಲಭವೆಂದು ಮೊದಲೇ ಹೊಳೆಯಲಿಲ್ಲವಲ್ಲ ಅಂದುಕೊಂಡೆ. ಜಾರಿ ಇಳಿದ ಅಂಚನ್ನು ಮತ್ತೆ ಹತ್ತುವುದು ಹೇಗೆಂಬ ಪ್ರಶ್ನೆ ಆಗ ತಲೆಗೆ ಬರಲಿಲ್ಲ.

ಮೂಗಿನಿಂದ ಒಂದು ಗೇಣು ದೂರದಲ್ಲಿ ಅದು ಇತ್ತು. ಅಂಗಿಯ ಗುಂಡಿಯಷ್ಟೇ. ಚಮಚದಂಥ ಪುಟ್ಟ ಎಲೆಗಳು ನೆಲಕ್ಕಂಟಿ ಸುತ್ತ ಹರಡಿದ್ದವು. ಒಂದೊಂದು ಕೂದಲಿನ ತುದಿಯಲ್ಲೂ ಒಂದೊಂದು ಹನಿ, ಒಂದೊಂದು ಹನಿಯಲ್ಲೂ ಬೆಳಗಿನ ಬಿಸಿಲು. ಒಂದೆಲೆಯ ಮೇಲೆ ಸಾಸಿವೆಗಿಂತ ಸಣ್ಣ ನೊಣವೊಂದು ಒಂದು ಕಾಲು ಬಿಡಿಸಿಕೊಂಡು ಇನ್ನೊಂದನ್ನು ಅಂಟಿಸಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ಕ್ಯಾಮೆರಾ ಎತ್ತಬೇಕೆಂದೇ ಅನಿಸಲಿಲ್ಲ. ಬೋರ್ಡಿನ ಮೇಲೆ ನಾನು ಎಲೆಗಳನ್ನು ತಪ್ಪಾಗಿ, ನಾಣ್ಯದಂತೆ ದುಂಡಗೆ ಬರೆಯುತ್ತಿದ್ದೆ ಎಂದು ಗೊತ್ತಾಯಿತು. ಮೂವತ್ತು ವರ್ಷ ಆ ತಪ್ಪಿಗೆ ಯಾರೂ ನನ್ನ ಅಂಕ ಕಳೆದಿರಲಿಲ್ಲ. ಆಮೇಲೆ ಮೊಣಕೈ ಬಂಡೆಗೆ ಊರಿ ಫೋಟೋ ತೆಗೆದೆ. ಒಂದು ಗಂಟೆ ಹಾಗೇ ಕಳೆಯಿತು.

ಏಳಬೇಕೆಂದು ಹೊರಟಾಗ ಮಂಡಿಗಳು ಒಪ್ಪಲಿಲ್ಲ. ಕೈಯೂರಿದರೆ ಪಾಚಿ ಜಾರಿತು. ಯಜಮಾನರನ್ನು ಕೂಗಿದೆ. ಗಾಜು ಗಟ್ಟಿಯಾಗಿ ಮುಚ್ಚಿತ್ತು. ಫೋನು ಚೀಲದಲ್ಲಿತ್ತು, ಚೀಲ ಅಂಚಿನ ಮೇಲಿತ್ತು. ಹಾಗೇ ಮಲಗಿರುವಾಗ ಬೈಕಿನಲ್ಲಿ ಬಂದ ಇಬ್ಬರು ನಿಂತರು.

"ಲೇ, ಯಾರೋ ಬಿದ್ದವ್ರೆ ಕಣ್ಲಾ."

"ಬಿದ್ದಿಲ್ಲ ಕಣ್ಲಾ, ಮಲ್ಗವ್ರೆ. ಕ್ಯಾಮ್ರಾ ಐತೆ ನೋಡು. ಸರ್ವೆಯೋರು."

"ಸರ್ವೆಯೋರು ನಿಂತ್ಕಂಡಲ್ವಾ ಮಾಡದು?"

"ಇದು ಹೊಸ ತರದ್ದು. ಮೊದ್ಲು ಫೋಟೋ ತೆಗೀತಾರೆ, ಆಮ್ಯಾಕೆ ಕಲ್ಲು ನೆಡ್ತಾರೆ, ಆಮ್ಯಾಕೆ ಹಾರೋಹಳ್ಳಿ ತರ ಇಲ್ಲೂ ಫ್ಯಾಕ್ಟ್ರಿ."

"ನಾನು ಸರ್ವೆಯವಳಲ್ಲ," ಎಂದು ಬಂಡೆಯ ಕಡೆಗೇ ಮುಖ ಮಾಡಿ ಹೇಳಿದೆ. ತಲೆ ಅಷ್ಟು ತಿರುಗುತ್ತಿರಲಿಲ್ಲ. "ಗಿಡದ ಫೋಟೋ ತೆಗೀತಾ ಇದೀನಿ."

ಇಬ್ಬರೂ ಸುತ್ತ ನೋಡಿದರು. "ಇಲ್ಲಿ ಗಿಡಾನೇ ಇಲ್ವಲ್ಲ ಮೇಡಂ," ಅಂದ ಒಬ್ಬ, ಕನಿಕರದಿಂದ. ಇನ್ನೊಬ್ಬ ಹತ್ತಿರ ಬಂದು, ಗುಟ್ಟು ಹೇಳುವ ದನಿಯಲ್ಲಿ, "ನಮ್ ಹೊಲ ಆ ಬೇವಿನ್ಮರದ ಪಕ್ಕದ್ದು. ಫ್ಯಾಕ್ಟ್ರಿಗೆ ತಗಳಂಗಿದ್ರೆ ಅದ್ನೂ ಒಸಿ ಸೇರಿಸ್ಕಬುಡಿ ಮೇಡಂ," ಅಂದ.

ಏಳಲು ಕೈ ಕೊಡಿ ಎಂದು ಕೇಳಬೇಕಿತ್ತು. ಆದರೆ ನನ್ನನ್ನು ಅಧಿಕಾರಿ ಎಂದು ನಂಬಿದ್ದವರ ಮುಂದೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಹಸುವೊಂದನ್ನು ಹಿಡಿದುಕೊಂಡು ಒಬ್ಬ ಮುದುಕಿ ಬಂದರು. ನನ್ನ ವಿದ್ಯಾರ್ಥಿನಿಯ ತಾಯಿ. ಮಗಳು ಫೋನು ಮಾಡಿ ತಿಳಿಸಿದ್ದಳಂತೆ.

"ಹೋಗ್ರಲಾ ಅತ್ಲಾಗೆ. ನಮ್ಮುಡ್ಗಿಗೆ ಪಾಠ ಯೋಳಿದ್ದ ಮೇಡಮ್ನೋರು ಅವ್ರು," ಎಂದು ಇಬ್ಬರನ್ನೂ ಕಳಿಸಿ, ನನ್ನ ಕಡೆ ತಿರುಗಿದರು. "ಏಳಿ ಮೇಡಮ್ನೋರೆ, ಮನೆಗೋಗಿ ಒಸಿ ಕಾಪಿ ಕುಡಿಯನ."

"ಏಳಕ್ಕಾಗ್ತಿಲ್ಲ ಅವ್ವ. ಮಂಡಿ."

"ಓ. ನಂದೂ ಅದೇ ಗೋಳು. ನೆಲ್ದಲ್ಲಿ ಕೂರ್ಲೇಬ್ಯಾಡ ಅಂದ್ರು ಡಾಕ್ಟ್ರು. ನೆಲ ಬುಟ್ಟು ಇನ್ನೆಲ್ಲಿ ಕೂರನೆ? ಹಾಲು ಕರೆಯಕ್ಕೆ ಡಾಕ್ಟ್ರು ಬಂದಾರಾ?" ಎಂದು, ಹಸುವಿನ ಹಗ್ಗವನ್ನು ಒಂದು ಕಲ್ಲಿಗೆ ಸುತ್ತಿದರು. ಆಮೇಲೆ ಹೆಗಲ ಮೇಲಿದ್ದ ಗೋಣಿತಾಟನ್ನು ಮಡಚಿ ನನ್ನ ಪಕ್ಕಕ್ಕೆ ಹಾಕಿದರು. ಅಲ್ಲಿಂದ ಮುಂದೆ ಅವರ ಮಾತಿನಲ್ಲಿ ನಾನು "ನೀವು" ಆಗಿರಲಿಲ್ಲ.

"ದನ ಏಳೋದು ನೋಡಿಲ್ವಾ ನೀನು? ಮುಂದ್ಗಡೆಯಿಂದ ಏಳ್ತದಾ? ಹಿಂದ್ಗಡೆ ಮೊದ್ಲು. ಮಂಡಿ ಗೋಣಿ ಮ್ಯಾಕೆ ಹಾಕು. ಎರಡೂ ಕೈ ಊರು. ಕಾಲ್ಬೆರಳು ಒತ್ತು. ಈಗ ತಲೆ ಕೆಳಗೇ ಇರ್ಲಿ, ಕುಂಡೆ ಎತ್ತು. ನಾಚ್ಕಬ್ಯಾಡ, ಇಲ್ಲಿ ನೋಡೋರ್ಯಾರೂ ಇಲ್ಲ. ಎತ್ತವ್ವ. ಈಗ ಕೈ ಹಿಂದಿಂದಕ್ಕೆ ತತ್ತಾ. ಆಂ, ಹಂಗೆ."

ನಾಲ್ಕು ಕಾಲಿನ ಪ್ರಾಣಿಯಂತೆ ನಿಂತು, ಕೈಗಳನ್ನು ಕಾಲಿನ ಕಡೆಗೆ ನಡೆಸಿಕೊಂಡು ಬಂದು, ತೊಡೆಯ ಮೇಲೆ ಅಂಗೈಯಿಟ್ಟು ನೆಟ್ಟಗಾದೆ. ಮಂಡಿ ಮಾತಾಡಲಿಲ್ಲ. ಸಾಕುಪ್ರಾಣಿಗಳ ಪಾಠವನ್ನೂ ನಾನೇ ಮಾಡುತ್ತಿದ್ದೆ. ಹಸುವಿನ ಹೊಟ್ಟೆಯಲ್ಲಿ ಎಷ್ಟು ಕೋಣೆಗಳಿವೆಯೆಂದು ಹೇಳಿದ್ದೆ. ಎಲ್ಲಿಂದ ಏಳುತ್ತದೆಂದು ಗಮನಿಸಿರಲಿಲ್ಲ.

ನಾನು ನಿಂತ ಕೂಡಲೇ ಆಕೆ ಮತ್ತೆ ಮರ್ಯಾದೆಗೆ ಬಂದರು. "ಬನ್ನಿ ಮೇಡಮ್ನೋರೆ, ನಿಧಾನ, ಜಾರ್ತದೆ."

ಕಾಫಿ ಮುಗಿಸಿ ಕಾರಿಗೆ ಬಂದಾಗ ಯಜಮಾನರು ಪದಬಂಧದ ಕೊನೆಯ ಸಾಲಿನಲ್ಲಿದ್ದರು. "ಕೂಗ್ಲೇ ಇಲ್ವಲ್ಲ, ಸದ್ಯ ಈ ಸಲ ನೀನು ಸಲೀಸಾಗಿ ಎದ್ದೆ," ಅಂದರು. ನಾನೂ ಹೌದೆಂದೆ.

ಮಂಡಿ ನಾಲ್ಕು ದಿನ ಊದಿಕೊಂಡಿತ್ತು. ಡಾಕ್ಟರಿಗೆ ನಿಂತೇ ಇದ್ದೆ ಎಂದು ಸುಳ್ಳು ಹೇಳಿದೆ. ಅವರು ನಂಬಿ ಅದೇ ಮಾತ್ರೆ ಬರೆದರು.

ಆ ತಿಂಗಳು ಬಳಗದಲ್ಲಿ ನನ್ನ ಚಿತ್ರ ಗೋಡೆಗೆ ಬಂತು. ಹನಿಗಳು, ನೊಣ, ಹಿಂದೆ ಮಸುಕಾದ ಹೊಲ. ಹಿರಿಯರು ಎಂದಿಗಿಂತ ಹೆಚ್ಚು ಹೊತ್ತು ನೋಡಿದರು.

"ಚೆನ್ನಾಗಿದೆ," ಅಂದರು. "ಇನ್ನೊಂದು ಇಂಚು ಇಳೀಬಹುದಿತ್ತು."

"ಅಲ್ಲಿಂದ ಕೆಳಗೆ ಬಂಡೆ ಇತ್ತು," ಅಂದೆ.

ಅದನ್ನೂ ಪಕ್ಕದವರು ಪುಸ್ತಕದಲ್ಲಿ ಬರೆದುಕೊಂಡರು. ಎಲ್ಲಿ ತೆಗೆದದ್ದೆಂದು ಎಲ್ಲರೂ ಕೇಳಿದರು. ಇಪ್ಪತ್ತು ಜನ, ನಲವತ್ತು ಬೂಟುಗಳು, ಅಂಗಿಗುಂಡಿಯಷ್ಟು ಗಿಡ. "ಮೇಘಾಲಯದ ಕಡೆ," ಎಂದುಬಿಟ್ಟೆ. ನನ್ನ ಬಾಯಿಗೆ ಅಭ್ಯಾಸವಾದ ಉತ್ತರ.

ಚಿತ್ರದ ದೊಡ್ಡ ಪ್ರಿಂಟು ಹಾಕಿಸಿ ಕಲ್ಯಕ್ಕೆ ತೆಗೆದುಕೊಂಡು ಹೋದೆ. ಮುದುಕಿ ಅದನ್ನು ಜಗಲಿಯ ಬೆಳಕಿಗೆ ಹಿಡಿದು ನೋಡಿದರು.

"ಇದು ನಮ್ಮ ಬಂಡೆ ಮ್ಯಾಗಿಂದಾ? ಇಷ್ಟು ದಪ್ಪ ಎಲ್ಲೈತೆ?"

"ದೊಡ್ಡದು ಮಾಡಿಸಿದೀನಿ ಅವ್ವ."

"ದೊಡ್ದು ಮಾಡುದ್ರೆ ಸುಳ್ಳೇ ಆಯ್ತಲ್ಲ ಮೇಡಮ್ನೋರೆ."

ವಾದ ಬೇಡವೆಂದು ಬಂಡೆಗೇ ಹೋದೆವು. ಆಕೆ ಗೋಣಿತಾಟು ಹಾಸಿ ಬೋರಲು ಮಲಗಿದರು. ಸ್ಕೂಲಿನ ಕಾಲದ ನನ್ನ ಭೂತಗನ್ನಡಿಯನ್ನು ಕೈಗೆ ಕೊಟ್ಟು, ಎಲ್ಲಿ ಹಿಡಿಯಬೇಕೆಂದು ನಿಂತಲ್ಲಿಂದಲೇ ಹೇಳಿದೆ. ಅವರು ಗಲ್ಲವನ್ನು ಮುಂಗೈ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದರು.

"ಒಂದು ಇರುವೆ ಸಿಕ್ಕಾಕಂಡೈತೆ," ಅಂದರು ಕೊನೆಗೆ. "ಮದ್ವೆಯಾಗಿ ಬಂದಾಗ್ಲಿಂದ ಇದುನ್ನ ತುಳ್ಕಂಡು ಓಡಾಡಿವ್ನಿ. ಇದು ಇಲ್ಲಿ ಬ್ಯಾಟೆ ಆಡ್ಕಂಡು ಕುಂತೈತೆ."

ಆಗ ನಾನು ಒಂದು ಫೋಟೋ ತೆಗೆದೆ. ಇಳಿಯಲಿಲ್ಲ, ಬಗ್ಗಲೂ ಇಲ್ಲ, ನೆಟ್ಟಗೆ ನಿಂತೇ ತೆಗೆದೆ. ಕ್ಯಾಮೆರಾದ ಸದ್ದಿಗೆ ಆಕೆ ತಲೆಯೆತ್ತಿದರು.

"ಮಲ್ಗಿರೋದ್ನ ತೆಗುದ್ರಾ? ಯಾರಾನಾ ನೋಡುದ್ರೆ ಏನಂದ್ಕಂಡಾರು. ಅಳಿಸ್ಬುಡಿ."

ಅಳಿಸುತ್ತೇನೆ ಎಂದೆ. ಆಕೆ ಎದ್ದು, ಸೀರೆ ಕೊಡವಿ, ಸೆರಗು ತಲೆಗೆ ಎಳೆದುಕೊಂಡು, ಹಸುವಿನ ಕೊರಳ ಮೇಲೆ ಕೈಯಿಟ್ಟು, ಪಾಸ್‌ಪೋರ್ಟ್ ಫೋಟೋಗೆ ನಿಂತವರಂತೆ ಮುಖ ಬಿಗಿದು ನಿಂತರು. ಅದನ್ನೂ ತೆಗೆದೆ. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ ಎಂದು ಮಗಳು ಮೊನ್ನೆ ಫೋನಿನಲ್ಲಿ ಹೇಳಿದಳು. ಹಸು ಮಾತ್ರ ಚೆನ್ನಾಗಿ ಬಂದಿದೆ, ತಾನು ಕಪ್ಪಗೆ ಬಂದಿದ್ದೇನೆ ಎಂದು ತಾಯಿ ಗೊಣಗುತ್ತಾರಂತೆ.

ಮಲಗಿರುವ ಫೋಟೋವನ್ನು ನಾನು ಅಳಿಸಿಲ್ಲ. ಬಳಗಕ್ಕೂ ಕಳಿಸಿಲ್ಲ.